ಕುದ್ರುವಿಗೆ ಗೆಳೆಯ ಬರುತ್ತಿದ್ದಾನೆ, ನಾಲ್ಕು ದಿನ ಏನು ತೋರಿಸಲಿ?

ಸುವರ್ಣೆ_ದಂಡೆ

ಎಲ್ಲರಿಗೂ ನಮಸ್ಕಾರ. ಉಡುಪಿ ಕಡೆ, ಸುವರ್ಣಾ ನದಿ ಕಡಲು ಸೇರುವ ಹತ್ತಿರ ಒಂದು ಕುದ್ರುವಿನಲ್ಲಿ ನಮ್ಮ ಮನೆ. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ, ಕುದ್ರು ಅಂದರೆ ಹೊಳೆಯ ನಡುವಿನ ದ್ವೀಪ. ಬ್ಯಾಂಕಿನಲ್ಲಿ 36 ವರ್ಷ ಕೆಲಸ, ಅದರಲ್ಲಿ 22 ವರ್ಷ ಬೆಂಗಳೂರು. ನಿವೃತ್ತಿಯಾದ ಮೇಲೆ ಹೆಂಡತಿಯ ತವರಿನ ಹಳೇ ಹೆಂಚಿನ ಮನೆಯನ್ನು ರಿಪೇರಿ ಮಾಡಿಸಿಕೊಂಡು ಇಲ್ಲಿ ಬಂದು ಕೂತಿದ್ದೇವೆ. ಇದು ಮೂರನೇ ವರ್ಷ.

ಈಗ ವಿಷಯ. ಬನದ ಹುಣ್ಣಿಮೆಗೆ ಎರಡು ದಿನ ಮೊದಲು ನನ್ನ ಹಳೇ ಸಹೋದ್ಯೋಗಿ ಬರುತ್ತಿದ್ದಾನೆ. ಬಸವನಗುಡಿಯವ, 67 ವಯಸ್ಸು, ಬಲ ಮೊಣಕಾಲಿಗೆ ಆಪರೇಷನ್ ಆಗಿದೆ, ಶುದ್ಧ ಸಸ್ಯಾಹಾರಿ. ಮೀನು ಒಣಗಿಸಿದ ವಾಸನೆ ಬಂದರೆ ಮೂಗಿಗೆ ಕರವಸ್ತ್ರ. ನಾಲ್ಕು ದಿನ ಇರುತ್ತಾನೆ. ಅವನಿಗೆ ಏನೇನು ತೋರಿಸಬಹುದು?

ಇನ್ನೊಂದು ತಲೆಬಿಸಿಯೂ ಉಂಟು. ನಾನು ವಾಟ್ಸಾಪಿನಲ್ಲಿ ಹಾಕಿದ ಸೂರ್ಯಾಸ್ತದ ಫೋಟೋ ನೋಡಿ ನೋಡಿ, "ನಿನ್ನ ಪಕ್ಕದಲ್ಲೇ ನಂಗೂ ಹತ್ತು ಸೆಂಟ್ಸ್ ನೋಡೋ" ಅಂತ ಕೂತಿದ್ದಾನೆ. ತಮಾಷೆ ಅಂದುಕೊಂಡಿದ್ದೆ. ಮೊನ್ನೆ ಫೋನಿನಲ್ಲಿ ಎಫ್‌ಡಿ ಯಾವಾಗ ಮುಗಿಯುತ್ತದೆ ಅಂತಲೂ ಹೇಳಿದ.

ನಾಲ್ಕನೇ_ಬ್ಲಾಕ್

ಸಾರ್, ನಾಲ್ಕು ದಿನ ಅಂದ್ರೆ ಧಾರಾಳ. ಮೊದಲನೇ ದಿನ ಕೃಷ್ಣಮಠ, ಮಣಿಪಾಲ. ಎರಡನೇ ದಿನ ಕೊಲ್ಲೂರು, ಮರವಂತೆ, ಮುರ್ಡೇಶ್ವರ. ಮೂರನೇ ದಿನ ಶೃಂಗೇರಿ, ಆಗುಂಬೆ ಸೂರ್ಯಾಸ್ತ. ನಾಲ್ಕನೇ ದಿನ ಕಾಪು ದೀಪಸ್ತಂಭ, ಕಟೀಲು. ಒಂದು ಇನ್ನೋವಾ ಮಾಡ್ಕೊಳ್ಳಿ, ಆರಾಮ.

ಬಸಳೆಚಪ್ಪರ

ಮೊಣಕಾಲು ಆಪರೇಷನ್ ಆದವರನ್ನು ಆಗುಂಬೆ ಘಾಟಿಯ ತಿರುವುಗಳಲ್ಲಿ ಇನ್ನೋವಾದಲ್ಲಿ ಮಡಚಿ ಕೂರಿಸುವುದಕ್ಕೆ ಆರಾಮ ಅನ್ನುತ್ತೀರಾ? ಅವರು ಬರುವುದು ಗೆಳೆಯನ ಮನೆಗೆ, ಪ್ಯಾಕೇಜ್ ಟೂರಿಗಲ್ಲ.

ಮತ್ತೆ ದಂಡೆಯವರೇ, ನಾಲ್ಕು ದಿನ ಊಟತಿಂಡಿಯ ಬಗ್ಗೆ ಅತ್ತಿಗೆಯವರನ್ನು ಕೇಳಿದ್ದೀರೋ? ನಿವೃತ್ತಿ ಆದದ್ದು ನಿಮಗೆ, ಅಡುಗೆಮನೆಗಲ್ಲ. ನಮ್ಮ ಮನೆಯವರೂ ಹೀಗೇ "ಬನ್ನಿ ಬನ್ನಿ" ಅಂತ ಊರಿಗೆಲ್ಲ ಹೇಳಿಬಿಟ್ಟು ಆಮೇಲೆ ನನ್ನ ಮುಖ ನೋಡುತ್ತಿದ್ದರು.

ಸುವರ್ಣೆ_ದಂಡೆ

ಬಸಳೆಚಪ್ಪರ ಅಕ್ಕ, ಸಿಕ್ಕಿಬಿದ್ದೆ. ಈಗ ಕೇಳಿದೆ. "ಒಂದು ಹೊತ್ತು ನೀವು ಮಾಡಿ" ಎಂಬ ತೀರ್ಪು ಬಂದಿದೆ. ನನಗೆ ಬರುವುದು ಗಂಜಿ, ಉಪ್ಪಿನಕಾಯಿ.

ಬಂದರು_ಬದಿ

ಸೈಂಟ್ ಮೇರಿಸ್ ದ್ವೀಪ ಬಿಡಬೇಡಿ ಮಾರಾಯ್ರೆ. ಮಲ್ಪೆಯಿಂದ 6 ಕಿಲೋಮೀಟರ್ ಅಷ್ಟೆ, ಬೋಟಲ್ಲಿ ಅರ್ಧ ಗಂಟೆಯೊಳಗೆ ಮುಟ್ಟುತ್ತದೆ. ಜನವರಿ ಆದ್ದರಿಂದ ಬೋಟು ಉಂಟು, ಮಳೆಗಾಲದಲ್ಲಾದರೆ ಬಂದ್. ಆದರೆ ಬೆಳಿಗ್ಗೆಯ ಮೊದಲನೇ ಬೋಟಿಗೇ ಹೋಗಿ. ಈ ತಿಂಗಳುಗಳಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ, ಕಡಲು ತಟ್ಟೆಯ ಹಾಗೆ ಇರುತ್ತದೆ. ಮಧ್ಯಾಹ್ನ ದಾಟಿತೋ, ವಾಯವ್ಯದ ಗಾಳಿ ಎದ್ದು ಬೋಟು ಕುಣಿಯಲಿಕ್ಕೆ ಸುರು. ಹತ್ತುವಾಗ ಇಳಿಯುವಾಗಲೇ ಕಾಲು ಜಾರುವುದು. ಮೊಣಕಾಲಿನವರು ಅಂತ ಬೋಟಿನವರಿಗೆ ಮೊದಲೇ ಹೇಳಿ, ಇಬ್ಬರು ಕೈ ಹಿಡಿಯುತ್ತಾರೆ. ನಾಚಿಕೆ ಪಡಲಿಕ್ಕಿಲ್ಲ.

ಹೋಗುವ ದಾರಿಯಲ್ಲೇ ವಡಭಾಂಡೇಶ್ವರದ ಬಲರಾಮ ದೇವಸ್ಥಾನ. ಬಸವನಗುಡಿಯವರಿಗೆ ಖುಷಿ ಆದೀತು.

ಕೋಡಿ_ಹೈದ

ಹ್ವಾಯ್, ಎಂತಕ್ಕೆ ಅಷ್ಟ್ ಮಂಡೆಬಿಸಿ? ಕೋಡಿಬೆಂಗ್ರೆಗೆ ಕರ್ಕಂಡ್ ಹೋಯ್ನಿ. ಒಂದ್ ಬದಿ ಕಡ್ಲ್, ಇನ್ನೊಂದ್ ಬದಿ ಹೊಳಿ, ನಡೂಕೆ ಒಂದೇ ರಸ್ತೆ. ತುದಿಗೆ ಹ್ವಾರೆ ಸೀತೆ ಸುವರ್ಣೆ ಎರಡೂ ಒಟ್ಟಾಯಿ ಕಡ್ಲಿಗ್ ಸೇರುದ್ ಕಾಂತ್. ಆಚಿ ಬದಿಯೇ ಹಂಗಾರಕಟ್ಟೆ. ಬಾರ್ಜ್ ಇದ್ರೆ ಹತ್ತಿ, ಆಚಿ ಹ್ವಾಯಿ ಒಂದ್ ಚಾ ಕುಡ್ದ್ ವಾಪಾಸ್ ಬನ್ನಿ. ಅಷ್ಟೇ. ಅದ್ರಷ್ಟ್ ಚೆಂದ ಯಾವ ಇನ್ನೋವಾದಗೂ ಇಲ್ಲ.

ನಾಲ್ಕನೇ_ಬ್ಲಾಕ್

ಆಯ್ತು, ಇನ್ನೋವಾ ವಾಪಸ್ ತಗೊಂಡೆ 😀 ಆದ್ರೆ ಸೈಂಟ್ ಮೇರಿಸ್‌ನಲ್ಲಿ ಏನಿದೆ ಸಾರ್? ನಾವು ಹೋಗಿದ್ವಿ. ಕಲ್ಲು, ತೆಂಗಿನಮರ, ಬಿಸಿಲು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಹೋಗೋ ಮುಂಚೆ ಮೊದಲು ಕಾಲಿಟ್ಟಿದ್ದು ಅಲ್ಲೇ ಅಂತ ಗೈಡ್ ಹೇಳ್ದ. ಬಸಾಲ್ಟ್ ಕಲ್ಲು, ಒಂದಷ್ಟು ಸೆಲ್ಫಿ. ಒಂದು ಗಂಟೆಗೆ ಮುಗೀತು.

ಕಲ್ಲು_ಮೇಷ್ಟ್ರು

ಒಂದೇ ಉಸಿರಿನಲ್ಲಿ ಎರಡು ತಪ್ಪು. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದವನಾದ್ದರಿಂದ ಬಾಯಿ ಮುಚ್ಚಿಕೊಂಡು ಇರಲಾಗುವುದಿಲ್ಲ, ಕ್ಷಮಿಸಿ.

ಮೊದಲನೆಯದು ಗಾಮ. ಅವನ ಹಡಗುಗಳು ಕಲ್ಲಿಕೋಟೆಯ ಹತ್ತಿರ ಲಂಗರು ಹಾಕಿದ್ದು 1498ರ ಮೇ ತಿಂಗಳಲ್ಲಿ. ಅಲ್ಲಿಂದ ಆಗಸ್ಟ್ ಕೊನೆಗೆ ಹೊರಟು ಉತ್ತರಕ್ಕೆ ಬರುವಾಗ, ಸೆಪ್ಟೆಂಬರಿನಲ್ಲಿ, ಕರಾವಳಿಯ ಒಂದು ದ್ವೀಪದ ಮೇಲೆ ಶಿಲುಬೆಯ ಕಂಬ ನೆಡಿಸಿ ಸಾಂತಾ ಮಾರಿಯಾ ಎಂದು ಹೆಸರಿಟ್ಟ. ಆ ಪಯಣದಲ್ಲಿ ಇದ್ದವನೊಬ್ಬ ಬರೆದಿಟ್ಟ ದಿನಚರಿಯಲ್ಲಿ ಇದು ಇದೆ. ಅರಸ ಕೊಟ್ಟು ಕಳಿಸಿದ್ದ ಮೂರು ಕಂಬಗಳಲ್ಲಿ ಇದೇ ಕೊನೆಯದು. ಅಲ್ಲಿಂದ ಮುಂದೆ ಹೋಗಿ ತಂಗಿದ್ದು ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. ಅಂದರೆ ಬರುವಾಗ ಅಲ್ಲ, ಹೋಗುವಾಗ.

ಎರಡನೆಯದು ಕಲ್ಲು. ಕಂಬಕಂಬವಾಗಿ ನಿಂತಿದೆ ಎಂದ ಮಾತ್ರಕ್ಕೆ ಬಸಾಲ್ಟ್ ಅಂತ ಬೋರ್ಡು ಬರೆಯುತ್ತಾರೆ. ಅದು ರಯೋಲೈಟ್, ಡೇಸೈಟ್ ಜಾತಿಯದು. ಸಿಲಿಕಾ ಜಾಸ್ತಿ ಇರುವ ಲಾವಾ. ದಖ್ಖನಿನ ಕಪ್ಪು ಬಸಾಲ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಇದರ ವಯಸ್ಸು ಸುಮಾರು 8.8 ಕೋಟಿ ವರ್ಷ. ದಖ್ಖನಿನದ್ದು ಸುಮಾರು 6.6 ಕೋಟಿ. ಮಡಗಾಸ್ಕರ್ ನಮ್ಮ ಪಡುಕರಾವಳಿಗೆ ಅಂಟಿಕೊಂಡಿದ್ದದ್ದು ಬಿಟ್ಟು ಹೊರಟ ಕಾಲದ್ದು ಇದು. ಲಾವಾ ತಣಿಯುತ್ತಾ ಕುಗ್ಗುವಾಗ ಒಣಗಿದ ಕೆರೆಯ ಕೆಸರು ಬಿರಿದ ಹಾಗೆ ಬಿರಿಯುತ್ತದೆ. ಆ ಬಿರುಕು ಕೆಳಕ್ಕೆ ಇಳಿಯುತ್ತಾ ಹೋದರೆ ಐದು, ಆರು, ಏಳು ಮುಖದ ಕಂಬಗಳಾಗುತ್ತವೆ.

ದಂಡೆಯವರೇ, ನಿಮ್ಮ ಗೆಳೆಯರು ಬಸವನಗುಡಿಯವರಲ್ಲವೇ? ಲಾಲ್‌ಬಾಗ್ ಬಂಡೆ ಮೇಲೆ ವಾಕಿಂಗ್ ಹೋಗುತ್ತಾರೋ ಕೇಳಿ. ಆ ಬಂಡೆಯೂ ಈ ದ್ವೀಪವೂ ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಕರ್ನಾಟಕದಲ್ಲಿ ಇರುವ ನಾಲ್ಕರಲ್ಲಿ ಎರಡು. ಲಾಲ್‌ಬಾಗಿನದ್ದು ಸುಮಾರು 300 ಕೋಟಿ ವರ್ಷದ ಹಳೇ ಕಲ್ಲು. ಅದರ ಮುಂದೆ ನಿಮ್ಮ ದ್ವೀಪ ಮೊನ್ನೆ ಮೊನ್ನೆ ಹುಟ್ಟಿದ ಕೂಸು.

ನಾಲ್ಕನೇ_ಬ್ಲಾಕ್

ಮೇಷ್ಟ್ರೇ, ಇಷ್ಟು ಗೊತ್ತಿದ್ದಿದ್ರೆ ಎರಡು ಗಂಟೆ ಇರ್ತಿದ್ವಿ.

ಅಘನಾಶಿನಿ_ಮಗಳು

ನಮ್ಮ ಕುಮಟಾ ಕಡೆ ನಿಮ್ಮ ಕುದ್ರುವಿಗೆ ಕುರ್ವೆ ಅಂತ ಹೇಳೂದು. ಐಗಳಕುರ್ವೆ, ಮಾವಿನಕುರ್ವೆ ಹೀಗೆ. ನನ್ನ ಅಜ್ಜಿಮನೆ ಅಘನಾಶಿನಿ ಹಿನ್ನೀರಿನ ಬದಿಗೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೀತಿದ್ರು. ನೀರು ನಿಂತರೂ ಉಪ್ಪಾದರೂ ತಡೆಯುವ ತಳಿ ಅದು.

ನಾನು ಹೇಳೂದು ಒಂದೇ. ಕ್ಯಾಲೆಂಡರ್ ನೋಡಿ ಪ್ಲಾನ್ ಮಾಡಬೇಡಿ, ಭರತ ಇಳಿತ ನೋಡಿ ಮಾಡಿ. ಹುಣ್ಣಿಮೆ ಹತ್ತಿರ ಆದ್ದರಿಂದ ಸಂಜೆ ಹೊತ್ತಿಗೆ ಒಳ್ಳೇ ಇಳಿತ ಸಿಗ್ತದೆ. ಅಷ್ಟಮಿ ಸುಮಾರಿಗೆ ಬಂದಿದ್ದರೆ ನೀರು ಏರೂದೂ ಇಲ್ಲ, ಇಳಿಯೂದೂ ಇಲ್ಲ ಅನ್ನುವ ಹಾಗೆ ಇರ್ತಿತ್ತು. ಬಂದವರಿಗೆ ಎಲ್ಲರೂ ತುಂಬಿದ ಹೊಳೆಯನ್ನೇ ತೋರಿಸ್ತಾರೆ. ನೀವು ಇಳಿದ ಹೊಳೆ ತೋರಿಸಿ. ಕೆಸರು ಮೇಲೆ ಬಂದಾಗಲೇ ಊರು ಹೊರಗೆ ಬರೂದು, ಚಿಪ್ಪು ಹೆಕ್ಕುವವರು, ಏಡಿ, ಕೊಕ್ಕರೆ ಎಲ್ಲ.

ಬಂದರು_ಬದಿ

ಸರಿ ಹೇಳಿದಿರಿ. ದಂಡೆಯವರಿಗೆ ಲೆಕ್ಕ ಗೊತ್ತಿರಬಹುದು, ಬೇರೆಯವರಿಗಾಗಿ: ಇವತ್ತು ಇಳಿತ ನಾಲ್ಕಕ್ಕಾದರೆ ನಾಳೆ ನಾಲ್ಕೂ ಮುಕ್ಕಾಲು, ಐವತ್ತಕ್ಕೆ. ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತಾ ಹೋಗುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ.

ಕುವೈತಿನಿಂದ

ಹತ್ತು ಸೆಂಟ್ಸಿನ ವಿಷಯಕ್ಕೆ ಬರ್ತೇನೆ. ನನ್ನದೂ ಒಂದು ಕುದ್ರು ಮನೆ ಉಂಟು, ಬೀಗ ಹಾಕಿ 11 ವರ್ಷ ಆಯ್ತು. ಸಿಆರ್‌ಝಡ್ (ಕರಾವಳಿಯಲ್ಲಿ ಕಟ್ಟಡಕ್ಕೆ ಮಿತಿ ಹಾಕುವ ಕಾನೂನು) ಅಂದರೆ ಕಡಲ ಬದಿಗೆ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ. ಭರತದ ನೀರು ಏರಿ ಇಳಿಯುವ ಹೊಳೆಯ ದಂಡೆಗೂ ಅದು ಲಾಗು. ಇರುವ ಮನೆ ರಿಪೇರಿ ಮಾಡುವುದು ಬೇರೆ, ಖಾಲಿ ಜಾಗದಲ್ಲಿ ಹೊಸದಾಗಿ ಪಂಚಾಂಗ (ಅಡಿಪಾಯ) ಹಾಕುವುದು ಬೇರೆ. ಬ್ರೋಕರ್ ಇದನ್ನು ಹೇಳುವುದಿಲ್ಲ, ಸೂರ್ಯಾಸ್ತ ತೋರಿಸ್ತಾನೆ. ನನ್ನ ಸಂಬಂಧಿಕರೊಬ್ಬರು ಅಡ್ವಾನ್ಸ್ ಕೊಟ್ಟು ಎರಡು ವರ್ಷ ಅಲೆದರು.

ನಿಮ್ಮ ಗೆಳೆಯರಿಗೆ ಮೇ ತಿಂಗಳ ಬಾವಿ ನೀರು ಒಂದು ಬಾಟಲಿ ಇಟ್ಟಿದ್ದರೆ ಅದನ್ನೇ ಕುಡಿಸಿ, ಸಾಕು.

ಸುವರ್ಣೆ_ದಂಡೆ

ಕುವೈತಿನವರೇ, ಮರ್ಮಕ್ಕೇ ಕೈ ಹಾಕಿದಿರಿ. ಬಾವಿಯ ಕಥೆ ಹೇಳಿಬಿಡುತ್ತೇನೆ.

ಕುದ್ರುವಿನ ಅಡಿಯಲ್ಲಿ ಇರುವುದೆಲ್ಲ ಉಪ್ಪುನೀರೇ. ಮಳೆಗಾಲದಲ್ಲಿ ಮರಳೊಳಗೆ ಇಳಿದ ಸಿಹಿನೀರು ಹಗುರ, ಅದರ ಮೇಲೆ ತೇಲಿಕೊಂಡು ಇರುತ್ತದೆ, ಹಾಲಿನ ಮೇಲೆ ಕೆನೆ ಕಟ್ಟಿದಂತೆ. ಬಾವಿಯಲ್ಲಿ ನಾವು ತೆಗೆಯುವುದು ಆ ಕೆನೆಯನ್ನು. ಮೇಲೆ ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ ಕೆಳಗಿನಿಂದ ಉಪ್ಪು ಹತ್ತಿರ ಹತ್ತಿರ 40 ಅಡಿ ಮೇಲೆ ಬರುತ್ತದೆ ಎಂಬ ಲೆಕ್ಕ ನಾನು ಆಮೇಲೆ ಓದಿದ್ದು. ಮೊದಲೇ ಓದಿದ್ದರೆ ಮೊದಲನೇ ವರ್ಷ ಬಂದ ಕೂಡಲೇ ಒಂದು ಎಚ್‌ಪಿ ಪಂಪು ಕೂರಿಸಿ, ತೋಟಕ್ಕೆಲ್ಲ ಸ್ಪ್ರಿಂಕ್ಲರ್ ಹಾಕುತ್ತಿರಲಿಲ್ಲ. ಬೆಂಗಳೂರಿನ ಬುದ್ಧಿ. ಮಾರ್ಚ್ ಕೊನೆಗೆ ಚಹಾ ಉಪ್ಪು. ಹೆಂಡತಿ ಮಾತಾಡಲಿಲ್ಲ, ಅದು ಇನ್ನೂ ಕಷ್ಟ. ಪಕ್ಕದ ಮನೆಯ ಹಿರಿಯಾಕೆ ಬಂದು ಬಾವಿಗೆ ಬಗ್ಗಿ ನೋಡಿ, "ನೀರನ್ನು ಎಬ್ಬಿಸಬಾರದು, ಮಲಗಿದ ಮಗುವನ್ನು ಎತ್ತಿದ ಹಾಗೆ ತೆಗೆಯಬೇಕು" ಅಂದರು. ಆಮೇಲಿಂದ ಕುಡಿಯುವ ನೀರಿಗೆ ಕೊಡಪಾನ, ಹಗ್ಗ. ಪಂಪು ಮಳೆಗಾಲದ ನಂತರ ಕೆಲವು ತಿಂಗಳು ಮಾತ್ರ, ಅದೂ ಹದಿನೈದು ನಿಮಿಷ.

ಆದರೆ ಒಂದು ಸಂಕೋಚ. ಅವನು ಬರುವುದು ಜನವರಿಯಲ್ಲಿ. ಜನವರಿಯಲ್ಲಿ ಬಾವಿ ಸಿಹಿ, ಗಾಳಿ ತಂಪು, ಹೊಳೆ ತಿಳಿ. ನಾನೇ ಸುಳ್ಳು ಜಾಹೀರಾತು ಕೊಟ್ಟ ಹಾಗೆ ಆಗುವುದಿಲ್ಲವೇ?

ಬಸಳೆಚಪ್ಪರ

ಆಗುತ್ತದೆ. ಅದಕ್ಕೇ ಸುಮ್ಮನೆ ನಿಮ್ಮ ದಿನದಂತೆ ದಿನ ಕಳೆಯಿರಿ. ಬೆಳಿಗ್ಗೆ ನೀರು ಸೇದುವಾಗ ಹಗ್ಗ ಅವರ ಕೈಗೂ ಕೊಡಿ. ಊಟಕ್ಕೆ ಮಟ್ಟುಗುಳ್ಳದ ಹುಳಿ ಮಾಡಿ, ಈಗ ಸೀಸನ್. ಅಸಲಿ ಮಟ್ಟುಗುಳ್ಳವೇ ತನ್ನಿ, 2011ರಿಂದ ಭೌಗೋಳಿಕ ಗುರುತು ಇರುವ ಕಾಯಿ. ತಿಳಿಹಸಿರು, ಗುಂಡಗೆ, ತೊಟ್ಟಿನಲ್ಲಿ ಸಣ್ಣ ಮುಳ್ಳು. ನುಣ್ಣಗಿನ ಹಸಿರು ಬದನೆ ತಂದು ಗುಳ್ಳ ಅಂತ ಬಡಿಸಿದರೆ ಅವರಿಗೆ ಗೊತ್ತಾಗಲಿಕ್ಕಿಲ್ಲ, ಅತ್ತಿಗೆಗೆ ಗೊತ್ತಾಗುತ್ತದೆ.

ನಾಲ್ಕನೇ_ಬ್ಲಾಕ್

ಸಾಲಿಗ್ರಾಮದ ಹತ್ರ ಕಾಂಡ್ಲಾ (ಮ್ಯಾಂಗ್ರೋವ್) ಕಾಡಲ್ಲಿ ಕಯಾಕ್ ಇದೆಯಂತಲ್ಲ ಸಾರ್?

ಕೋಡಿ_ಹೈದ

ಇತ್ತ್, ಚೆಂದ ಇತ್ತ್. ಆದ್ರೆ ಆ ಮೊಣಕಾಲಿನವ್ರನ್ನ ಕಯಾಕಿಗ್ ಕೂರ್ಸಿ ಮತ್ತ್ ಎಬ್ಸುದ್ ಯಾರ್? ನೀವ್ ಬತ್ರ್ಯಾ?

ಸುವರ್ಣೆ_ದಂಡೆ

(ಹತ್ತು ದಿನ ಕಳೆದು)

ಬಂದ, ಇದ್ದ, ಹೋದ. ಕೇಳಿದವರಿಗೆಲ್ಲ ವರದಿ ಕೊಡುವುದು ನನ್ನ ಕರ್ತವ್ಯ.

ಪಂಚಗಂಗಾ ರೈಲಿನಲ್ಲಿ ಬಂದು ಬೆಳಗಿನ ಜಾವ ಉಡುಪಿಯಲ್ಲಿ ಇಳಿದ. ಆಟೋ ನಮ್ಮ ಸೇತುವೆಯ ಆಚೆಯೇ ನಿಲ್ಲುತ್ತದೆ, ಅಲ್ಲಿಂದ ನಡಿಗೆ. ಮೊದಲ ಆಘಾತ ಅದು. ಸೂಟ್‌ಕೇಸಿನ ಚಕ್ರ ಮರಳಿನಲ್ಲಿ ಹೂತುಕೊಂಡಿತು. "ಆಂಬುಲೆನ್ಸ್ ಬಂದ್ರೆ?" ಅಂತ ಕೇಳಿದ. ಸೇತುವೆಯ ತನಕ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗುತ್ತಾರೆ ಎಂದೆ. ಎರಡು ವರ್ಷದ ಹಿಂದೆ ಹೆಂಡತಿಯ ಚಿಕ್ಕಪ್ಪನನ್ನು ಹಾಗೆಯೇ ದಾಟಿಸಿದ್ದು. ಅವನು ಮತ್ತೆ ಸೇತುವೆಯನ್ನೇ ತಿರುಗಿ ನೋಡಿದ.

ಮೊದಲ ದಿನ ಏನೂ ಮಾಡಲಿಲ್ಲ. ಜಗಲಿಯಲ್ಲಿ ಕೂತೆವು. ಸಂಜೆ ಇಳಿತಕ್ಕೆ ಹೊಳೆ ಬದಿಗೆ ಕರೆದುಕೊಂಡು ಹೋದೆ, ಅಘನಾಶಿನಿಯವರ ಮಾತಿನಂತೆ. ಬೆಳಿಗ್ಗೆ ದಂಡೆ ಮುಟ್ಟುತ್ತಿದ್ದ ನೀರು ಈಗ ಎಲ್ಲೋ ನಡುವಿಗೆ ಹೋಗಿ ಕೆಸರು ಬಯಲು. ಮರುವಾಯಿ (ಚಿಪ್ಪುಮೀನು) ಹೆಕ್ಕುವ ನಾಲ್ಕೈದು ಹೆಂಗಸರು ಮೊಣಕಾಲು ನೀರಿನಲ್ಲಿ ಕೂತಿದ್ದರು. ಕಾಂಡ್ಲಾ ಗಿಡದಲ್ಲಿ ನುಗ್ಗೆಕಾಯಿಯಂತೆ ನೇತಾಡುವುದು ಏನು ಅಂತ ಕೇಳಿದ. ಕಾಯಲ್ಲ, ತಾಯಿಮರದಲ್ಲೇ ಮೊಳಕೆಯೊಡೆದ ಸಸಿ, ಕಳಚಿಬಿದ್ದು ಕೆಸರಿಗೆ ನಾಟಿಕೊಳ್ಳುತ್ತದೆ ಎಂದೆ. ಒಂದನ್ನು ಹತ್ತಿರದಿಂದ ನೋಡಬೇಕು ಅಂತ ಎರಡು ಹೆಜ್ಜೆ ಆಚೆ ಇಟ್ಟ. ಬೇಡ ಅನ್ನುವ ಮೊದಲೇ ಎಡಗಾಲು ಮೊಣಕಾಲಿನ ತನಕ ಕೆಸರಿಗೆ ಇಳಿಯಿತು. ಎಳೆದರೆ ಬರುವುದಿಲ್ಲ. ಆಪರೇಷನ್ ಆದ ಕಾಲಿನ ಮೇಲೆ ಭಾರ. ನನಗೆ ಬೆವರು.

ಮರುವಾಯಿ ಹೆಕ್ಕುತ್ತಿದ್ದವರಲ್ಲಿ ಒಬ್ಬರು, ಬಾವಿಯ ಪಾಠ ಹೇಳಿದ ಅದೇ ಹಿರಿಯಾಕೆ, ಅವಸರವಿಲ್ಲದೆ ಬಂದರು. ಎಳೆಯಲಿಲ್ಲ. ಅವನ ಹಿಮ್ಮಡಿಯ ಪಕ್ಕ ಕೈ ತೂರಿಸಿ ಕೆಸರನ್ನು ಸ್ವಲ್ಪ ಬಿಡಿಸಿ ನೀರು ಒಳಗೆ ಹೋಗಲು ಬಿಟ್ಟರು. ಕಾಲು ತಾನಾಗಿ ಸಡಿಲವಾಯಿತು. ಚಪ್ಪಲಿ ಮಾತ್ರ ಬರಲಿಲ್ಲ. ಹೊಸದು, 3,200 ರೂಪಾಯಿಯದಂತೆ. ಅದು ಈಗ ಸುವರ್ಣೆಯ ಸ್ವತ್ತು.

ಬಸಳೆಚಪ್ಪರ

ಅಯ್ಯೋ! ಕಾಲಿಗೆ ಏನಾಗಲಿಲ್ಲವಷ್ಟೆ?

ಸುವರ್ಣೆ_ದಂಡೆ

ಏನೂ ಆಗಲಿಲ್ಲ ಅಕ್ಕ. ಬಿಸಿನೀರು, ಎಣ್ಣೆ, ಅಷ್ಟೆ. ಮರುದಿನ ಬೆಳಿಗ್ಗೆ ನನ್ನ ಹಳೇ ಹವಾಯಿ ಚಪ್ಪಲಿ ಹಾಕಿಕೊಂಡು ಸೇದುವುದಕ್ಕೆ ಬಾವಿಕಟ್ಟೆಗೆ ತಾನೇ ಬಂದ. ಮೊದಲ ಕೊಡಪಾನ ಗೋಡೆಗೆ ಹೊಡೆದು ನೀರೆಲ್ಲ ಕಲಕಿತು. ನನ್ನಾಕೆ ಒಳಗಿಂದಲೇ "ಮಲಗಿದ ಮಗು, ಮಲಗಿದ ಮಗು" ಅಂತ ಕೂಗಿದಳು.

ಮೂರನೇ ದಿನ ಸೈಂಟ್ ಮೇರಿಸ್. ಬಂದರು ಬದಿಯವರೇ, ಮೊದಲನೇ ಬೋಟೇ ಹಿಡಿದೆವು, ಕಡಲು ನಿಜಕ್ಕೂ ತಟ್ಟೆ. ಇಬ್ಬರು ಹುಡುಗರು ಅವನನ್ನು ಹೂವಿನಂತೆ ಇಳಿಸಿದರು. ಕಂಬಗಳ ಮೇಲೆ ಹತ್ತುವ ಸಾಹಸ ಮಾಡಲಿಲ್ಲ, ಬುಡದಲ್ಲಿ ನೆರಳು ನೋಡಿ ಕೂತೆವು. ಕಲ್ಲು ಮೇಷ್ಟ್ರು ಬರೆದದ್ದನ್ನು ಫೋನಿನಲ್ಲಿ ಓದಿ ಹೇಳಿದೆ. ಸುಮ್ಮನೆ ಕೇಳಿದ. ಆಮೇಲೆ ಒಂದು ಕಂಬದ ಮುಖಗಳನ್ನು ಬೆರಳಿನಲ್ಲಿ ಎಣಿಸಿದ, ಆರು. ಪಕ್ಕದ್ದು ಐದು. "ನಲವತ್ತು ವರ್ಷದಿಂದ ಲಾಲ್‌ಬಾಗ್ ಬಂಡೆ ಹತ್ತಿ ಇಳೀತಿದೀನಿ. ಅಲ್ಲಿ ಬೋರ್ಡ್ ಇದೆ, ಒಂದು ದಿನ ಓದಿಲ್ಲ" ಅಂದ. ಎರಡೂವರೆ ಗಂಟೆ ಇದ್ದೆವು, ನಾಲ್ಕನೇ ಬ್ಲಾಕಿನವರ ದಾಖಲೆ ಮುರಿಯಿತು. ವಾಪಸು ಬರುವಾಗ ಮೀನಿನ ಬಂದರಿನ ವಾಸನೆಗೆ ಕರವಸ್ತ್ರ ತೆಗೆದ. ಸಾಲುಸಾಲು ಬೋಟು ನೋಡುತ್ತಾ ಅದನ್ನು ಕೈಯಲ್ಲೇ ಹಿಡಿದುಕೊಂಡು ನಿಂತ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಈ ಯಾಂತ್ರಿಕ ಬೋಟುಗಳೆಲ್ಲ ದಡದಲ್ಲೇ, ಮೀನು ಮರಿ ಮಾಡುವ ಕಾಲ ಎಂದೆ. "ಅಷ್ಟು ದಿನ ಊಟಕ್ಕೆ?" ಅಂದ. ಬ್ಯಾಂಕಿನವ ನೋಡಿ, ಸಾಲದ ಕಂತಿನ ಲೆಕ್ಕವೇ ಮೊದಲು.

ಕೊನೆಯ ದಿನ ಕೋಡಿಬೆಂಗ್ರೆ. ತುದಿಯಲ್ಲಿ ಕೂತಾಗ ನಾನೇ ಜಾಗದ ವಿಷಯ ತೆಗೆದೆ. ಸಿಆರ್‌ಝಡ್, ಬಾವಿ, ಮಳೆಗಾಲದಲ್ಲಿ ಮೂರು ಮೂರು ದಿನ ಇಲ್ಲದ ಕರೆಂಟು, ರಾತ್ರಿ ಎದೆ ಹಿಡಿದರೆ ಸೇತುವೆ ದಾಟಿ ಮಣಿಪಾಲಕ್ಕೆ ಮುಟ್ಟುವ ಹೊತ್ತು. ಎಲ್ಲ ಹೇಳಿದೆ. ಅವನು ಹಂಗಾರಕಟ್ಟೆ ಕಡೆ ನೋಡುತ್ತಿದ್ದ.

"ಇದೆಲ್ಲ ಗೊತ್ತಿದ್ದೂ ನೀನ್ಯಾಕೆ ಇದ್ದೀಯ?" ಅಂತ ಕೇಳಿದ.

ಉತ್ತರ ಹೊಳೆಯಲಿಲ್ಲ. ಹೆಂಡತಿಯ ತವರು, ಮನೆ ಇತ್ತು ಅಂತ ಏನೋ ಹೇಳಿದೆ. ಅದು ಪೂರ್ತಿ ನಿಜವೂ ಅಲ್ಲ.

ಕುವೈತಿನಿಂದ

ಇದನ್ನು ಎರಡು ಸಲ ಓದಿದೆ. ಬೀಗ ತೆಗೆಸಲಿಕ್ಕೆ ಅಣ್ಣನಿಗೆ ಫೋನ್ ಮಾಡಿದ್ದೇನೆ. ಹೆಂಚು ಬಿದ್ದಿರಬಹುದು.

ಕಲ್ಲು_ಮೇಷ್ಟ್ರು

ಆರು ಮುಖ ಎಣಿಸಿದರಲ್ಲ, ನನ್ನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಅದನ್ನೂ ಮಾಡುತ್ತಿರಲಿಲ್ಲ.

ಅಘನಾಶಿನಿ_ಮಗಳು

ಹತ್ತು ಸೆಂಟ್ಸ್ ಏನಾಯ್ತು ಹಾಗಾದರೆ? ಅದನ್ನೇ ಹೇಳಲಿಲ್ಲ.

ಸುವರ್ಣೆ_ದಂಡೆ

ನಿನ್ನೆ ಫೋನ್ ಬಂತು. ಎಫ್‌ಡಿ ರಿನ್ಯೂ ಮಾಡಿಸಿದನಂತೆ. ಏಪ್ರಿಲ್ ಕೊನೆಗೆ ಮತ್ತೆ ಬರುತ್ತಾನಂತೆ, ಎಂಟು ದಿನಕ್ಕೆ, ರೈಲಿನ ಟಿಕೆಟೂ ಆಗಿದೆ. ಹಳೇ ಚಪ್ಪಲಿ ಎತ್ತಿಡು ಅಂದಿದ್ದಾನೆ.

ಬಂದರು_ಬದಿ

ಏಪ್ರಿಲ್ ಕೊನೆಗಾ? ಹಾಗಾದರೆ ಕುಡಿಯುವ ನೀರಿನ ಕ್ಯಾನಿಗೆ ಈಗಲೇ ಹೇಳಿಡಿ, ಆಗ ಸಿಗಲಿಕ್ಕೆ ಕಷ್ಟ.

ಸುವರ್ಣೆ_ದಂಡೆ

ನಾನೂ ಅದನ್ನೇ ಅಂದೆ. ಕ್ಯಾನ್ ಬೇಡವಂತೆ, ಬಾವಿಯದ್ದೇ ಸಾಕಂತೆ.